ಸ್ಟೀಲ್ ಕೊರೆಯುವ ಮುಂಚೆ: ಒಂದು ಡಬ್ಬಿ ಮುಚ್ಚಳ ತಯಾರಾಗುವ ಬಗೆ

ಸಂಕ್ರಾಂತಿಗೆ ಮನೆಯಲ್ಲಿ ಸಕ್ಕರೆ ಅಚ್ಚು ಮಾಡಿದವರಿಗೆ ಅರ್ಧ ವಿಷಯ ಆಗಲೇ ಗೊತ್ತು. ಮರದ ಅಚ್ಚಿನ ಹೋಳುಗಳನ್ನು ಜೋಡಿಸಿ, ಪಾಕ ಹೊಯ್ದು, ಗಟ್ಟಿಯಾದ ಮೇಲೆ ಬಿಡಿಸುತ್ತೇವೆ. ಗಿಳಿಯ ಕೊಕ್ಕು ಒಳಗೇ ಉಳಿದರೆ ಪಾಕವನ್ನು ಬೈಯುತ್ತೇವೆ. ಎಷ್ಟೋ ಸಲ ತಪ್ಪು ಅಚ್ಚಿನದ್ದು. ಪ್ಲಾಸ್ಟಿಕ್ ಮುಚ್ಚಳದ ಪಾಡೂ ಇದೇ. ಆದರೆ ಇಲ್ಲಿ ಅಚ್ಚು ಸ್ಟೀಲಿನದ್ದು, ಒಮ್ಮೆ ಕೊರೆಸಿದರೆ ದುಡ್ಡು ಹೋದ ಹಾಗೇ.

100 ಮಿ.ಮೀ. ಅಗಲದ, ಒತ್ತಿದರೆ ಟಕ್ ಅಂತ ಕೂರುವ ಮಸಾಲೆ ಡಬ್ಬಿ ಮುಚ್ಚಳವನ್ನೇ ತೆಗೆದುಕೊಳ್ಳೋಣ.

ಮೊದಲು ಯಾವ ಪ್ಲಾಸ್ಟಿಕ್ ಅಂತ ತೀರ್ಮಾನಿಸಿ. ಬಣ್ಣ ಆಮೇಲೆ. ಪಿಪಿ, ಅಂದರೆ ಪಾಲಿಪ್ರೊಪಿಲೀನ್, ಆರುವಾಗ ಸುಮಾರು 1.5% ಕುಗ್ಗುತ್ತದೆ. ಹಾಗಾಗಿ 100 ಮಿ.ಮೀ. ಮುಚ್ಚಳ ಬೇಕಾದರೆ ಅಚ್ಚು 101.5 ಮಿ.ಮೀ. ಇರಬೇಕು. ಎಬಿಎಸ್ ಅನ್ನುವ ಇನ್ನೊಂದು ಪ್ಲಾಸ್ಟಿಕ್ ಕುಗ್ಗುವುದು ಹೆಚ್ಚುಕಡಿಮೆ ಅರ್ಧ ಶೇಕಡಾ ಮಾತ್ರ. ಅಚ್ಚು ಆದ ಮೇಲೆ ‘ಪ್ಲಾಸ್ಟಿಕ್ ಬದಲಿಸೋಣ’ ಅಂದರೆ ಮುಚ್ಚಳ ಡಬ್ಬಿಗೆ ಕೂರುವುದಿಲ್ಲ.

ಈಗ ಡ್ರಾಯಿಂಗ್. ದಪ್ಪ ಎಲ್ಲ ಕಡೆ ಒಂದೇ ಇರಲಿ, 1.5 ಮಿ.ಮೀ. ಸಾಕು. ಗಟ್ಟಿ ಬರಲಿ ಅಂತ ಒಳಗೆ ಪಟ್ಟಿ ಕೊಡುವುದಾದರೆ ಅದರ ದಪ್ಪ ಮುಚ್ಚಳದ ಅರ್ಧದಷ್ಟು ಇರಲಿ. ನನ್ನ ಮೊದಲ ಮುಚ್ಚಳಕ್ಕೆ ನಾನು ದಪ್ಪ ಪಟ್ಟಿ ಕೊಟ್ಟಿದ್ದೆ. ದಪ್ಪ ಇರುವಲ್ಲಿ ಪ್ಲಾಸ್ಟಿಕ್ ನಿಧಾನ ಆರುತ್ತದೆ, ಜಾಸ್ತಿ ಕುಗ್ಗುತ್ತದೆ. ಮೇಲ್ಗಡೆ ಪಟ್ಟಿಯ ನೇರಕ್ಕೇ ಗುಳಿ ಬಿತ್ತು. ಮಾಲೀಕರು ಏನೂ ಹೇಳಲಿಲ್ಲ. ಬೆಳಕಿಗೆ ಹಿಡಿದು ಹೆಬ್ಬೆರಳಿಂದ ಆ ಗುಳಿಯನ್ನು ಸವರುತ್ತಾ ಕೂತರು. ಬೈದಿದ್ದರೇ ವಾಸಿಯಿತ್ತು!

ಮುಚ್ಚಳ ಅಚ್ಚಿನಿಂದ ಬಿಡಿಸಿಕೊಳ್ಳಬೇಕಾದರೆ ಪಕ್ಕದ ಗೋಡೆ ನೆಟ್ಟಗೆ ನಿಲ್ಲಬಾರದು, ಕನಿಷ್ಠ 1 ಡಿಗ್ರಿ ಓರೆ ಬೇಕು. ಇಡ್ಲಿ ತಟ್ಟೆಯ ಗುಂಡಿ ನೋಡಿ, ಎಲ್ಲಾದರೂ ನೆಟ್ಟಗಿದೆಯಾ?

ಆಮೇಲೆ ತ್ರೀಡಿ ಪ್ರಿಂಟ್ ಮಾಡಿಸಿ, ಅಡುಗೆಮನೆಯಲ್ಲಿ ಒದ್ದೆ ಕೈಯಲ್ಲಿ ತೆರೆದು ನೋಡಿ. ಅಳತೆ, ಹಿಡಿತ ಗೊತ್ತಾಗುತ್ತದೆ. ಆದರೆ ‘ಟಕ್’ ಅನ್ನುವ ಬಿಗಿಯ ವಿಷಯದಲ್ಲಿ ಇದನ್ನು ನಂಬಬೇಡಿ. ಪ್ರಿಂಟ್ ಪದರ ಪದರವಾಗಿ ಬಂದದ್ದು, ಅಚ್ಚಿನ ಪಿಪಿ ಬಳುಕುವ ಹಾಗೆ ಅದು ಬಳುಕುವುದಿಲ್ಲ.

ಡ್ರಾಯಿಂಗನ್ನು ಟೂಲ್ ರೂಮಿಗೆ, ಅಂದರೆ ಅಚ್ಚು ಕೊರೆಯುವ ಕಾರ್ಖಾನೆಗೆ, ಒಯ್ಯಿರಿ. ಪೀಣ್ಯದಲ್ಲಿ ಸಣ್ಣ ಟೂಲ್ ರೂಮುಗಳು ಬೇಕಾದಷ್ಟಿವೆ. 1972ರಲ್ಲಿ ಡೆನ್ಮಾರ್ಕ್ ನೆರವಿನಿಂದ ಬೆಂಗಳೂರಿನಲ್ಲಿ ಶುರುವಾದ ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರ, ಅಂದರೆ ಜಿಟಿಟಿಸಿ ಕೂಡ ಇದೆ. ಅಲ್ಲಿ ಪಳಗಿದವರು ‘ಸಾರ್, ಇದು ಬಿಡಿಸಿಕೊಳ್ಳಲ್ಲ’ ಅಂದರೆ ವಾದಕ್ಕೆ ಇಳಿಯದೆ ಎಲ್ಲಿ ಅಂತ ಕೇಳಿ.

ಇಲ್ಲೊಂದು ಗುಟ್ಟಿದೆ, ಅವರು ‘ಸ್ಟೀಲ್ ಸೇಫ್’ ಅನ್ನುತ್ತಾರೆ. ಸ್ಟೀಲನ್ನು ಇನ್ನಷ್ಟು ಕೊರೆಯುವುದು ಸುಲಭ, ಕೊರೆದದ್ದನ್ನು ತುಂಬಲು ವೆಲ್ಡಿಂಗೇ ಗತಿ. ಮುಚ್ಚಳದ ಒಳ ಅಂಚಿನಲ್ಲಿ ಒಂದು ಉಬ್ಬು ಇರುತ್ತದಲ್ಲ, ಟಕ್ ಅನ್ನುವುದು ಅದೇ. ಅಚ್ಚಿನಲ್ಲಿ ಅದಕ್ಕೊಂದು ತೋಡು ಬೇಕು. ತೋಡು ಆಳವಾದಷ್ಟೂ ಮುಚ್ಚಳ ಬಿಗಿ. ಮೊದಲು ತೋಡನ್ನು ಬೇಕೆಂದೇ ಕಮ್ಮಿ ಆಳ ಕೊರೆಸಿ. ಮೊದಲ ಮುಚ್ಚಳ ಸಡಿಲ ಬರುತ್ತದೆ, ಬರಲಿ. ಕೂದಲೆಳೆಯಷ್ಟು ಮತ್ತೆ ಕೊರೆಸಿ, ಮತ್ತೆ ಹಾಕಿ ನೋಡಿ. ಮೊದಲ ಏಟಿಗೇ ಬಿಗಿ ಬರಲಿ ಅಂತ ಆಸೆಪಟ್ಟವರೇ ವೆಲ್ಡಿಂಗ್ ಅಂಗಡಿಗೆ ಓಡುವುದು.

ಟ್ರಯಲ್ ದಿನ ನೀವೇ ಮೆಷಿನ್ ಪಕ್ಕ ನಿಲ್ಲಿ. ಅಂಚು ತುಂಬದೆ ಬಂದರೆ ಒತ್ತಡವೋ ಬಿಸಿಯೋ ಸಾಲದಾಗಿರಬಹುದು, ಒಳಗಿನ ಗಾಳಿಗೆ ದಾರಿ ಇಲ್ಲದಿರಲೂಬಹುದು. ಅಂಚಿನಲ್ಲಿ ತೆಳು ಪೊರೆ ಬಂದರೆ ಅಚ್ಚಿನ ಹೋಳುಗಳು ಸರಿಯಾಗಿ ಕೂಡುತ್ತಿಲ್ಲ, ಇಲ್ಲವೇ ಒತ್ತಡ ಜಾಸ್ತಿ.

ಬಿಸಿ ಮುಚ್ಚಳಕ್ಕೆ ಕ್ಯಾಲಿಪರ್ ಹಿಡಿದು ಖುಷಿಪಡಬೇಡಿ. ಪಿಪಿ ಮರುದಿನದವರೆಗೂ ಸುಮ್ನೆ ಕುಗ್ಗುತ್ತಲೇ ಇರುತ್ತದೆ. 24 ಗಂಟೆ ಬಿಟ್ಟು ಅಳೆಯಿರಿ. ಸರಿಯಿದ್ದರೆ ಎರಡು ಮುಚ್ಚಳಕ್ಕೆ ಸಹಿ ಹಾಕಿ ತಾರೀಕು ಬರೆಯಿರಿ. ಒಂದು ಮೌಲ್ಡಿಂಗ್ ಮಾಡುವವರ ಹತ್ತಿರ ಇರಲಿ, ಇನ್ನೊಂದನ್ನು ನಿಮ್ಮ ಬೀರುವಿನಲ್ಲಿಟ್ಟು ಬೀಗ ಹಾಕಿ.