ಉಕ್ಕಿನ ಕೈ ಅಲ್ಯೂಮಿನಿಯಂಗೆ ಒಗ್ಗಿದ್ದು ಹೇಗೆ

ನಾನು ಗಂಗೊಳ್ಳಿಯವನು. ಐಟಿಐ ಮುಗಿಸಿ, ಒಬ್ಬ ಗುತ್ತಿಗೆದಾರರ ಜೊತೆ ವೆಲ್ಡರ್ ಆಗಿ ಕೊಚ್ಚಿಯ ಸರ್ಕಾರಿ ಶಿಪ್‌ಯಾರ್ಡಿಗೆ ಹೋದಾಗ ಅಲ್ಲಿ ವಿಮಾನ ಹೊರುವ ಯುದ್ಧನೌಕೆ ವಿಕ್ರಾಂತ್ ಕೆಲಸ ನಡೆಯುತ್ತಿತ್ತು. 262 ಮೀಟರ್ ಉದ್ದ, ಒಳಗೆ ಎರಡು ಸಾವಿರಕ್ಕೂ ಹೆಚ್ಚು ಕೋಣೆಗಳು. ಮೊದಲ ತಿಂಗಳು ಊಟದ ಹೊತ್ತಿಗೆ ಹೊರಗೆ ಬರುವ ದಾರಿಯೇ ಸಿಗುತ್ತಿರಲಿಲ್ಲ. ಅದರ ಉಕ್ಕು ನಮ್ಮ ದೇಶದ್ದೇ, ಯುದ್ಧನೌಕೆಗೆಂದೇ ತಯಾರಾದದ್ದು. ಬೆಸುಗೆಗೆ ಕರಗಿಸುವ ರಾಡನ್ನು ಓವನ್ನಿನಲ್ಲಿ ಬಿಸಿಯಾಗಿಟ್ಟು, ಬೇಕಾದಷ್ಟೇ ಹೊರತೆಗೆದು ಬಳಸಬೇಕು. ತೇವ ತಾಗಿದ ರಾಡಿನ ಬೆಸುಗೆ ಆಮೇಲೆ ಬಿರುಕು ಬಿಡುತ್ತದೆ. ವರ್ಷಗಟ್ಟಲೆ ಅದೇ ಮಾಡಿ ಕೈ ಕುದುರಿತ್ತು. 2022ರ ಸೆಪ್ಟೆಂಬರ್ 2ರಂದು ಹಡಗು ನೌಕಾಪಡೆ ಸೇರಿದ ದಿನ ಊರಿನ ಮನೆಯಲ್ಲಿ ಎಲ್ಲರೂ ಟಿವಿ ಮುಂದೆ ಕೂತಿದ್ದರು.

ಅದೇ ಯಾರ್ಡು ಕೊಚ್ಚಿ ವಾಟರ್ ಮೆಟ್ರೋಗೆ 100 ಜನ ಹಿಡಿಸುವ ಬ್ಯಾಟರಿ ದೋಣಿಗಳನ್ನೂ ಕಟ್ಟಿದೆ. ಅಲ್ಯೂಮಿನಿಯಂನ ಜೋಡಿ ಒಡಲು, ಹಗುರ ಮೈ. ಅದನ್ನು ನೋಡಿಯೇ ನನಗೂ ಈ ಕೆಲಸ ಕಲಿಯಬೇಕೆನಿಸಿದ್ದು. ಇಷ್ಟು ವರ್ಷ ಉಕ್ಕು ಬೆಸೆದವನಿಗೆ ಇದೇನು ಕಷ್ಟ ಅಂದುಕೊಂಡು, ಬೇರೆ ಕಡೆಯ ಒಂದು ಶೆಡ್ಡಿನಲ್ಲಿ ಅಭ್ಯಾಸಕ್ಕೆ ನಿಂತೆ.

ಮೊದಲ ತುಂಡು ಹೊರಗಿನಿಂದ ಚೆನ್ನಾಗೇ ಕಂಡಿತು. ವೈಸಿಗೆ ಕಚ್ಚಿಸಿ ಸುತ್ತಿಗೆಯಲ್ಲಿ ಮುರಿದರೆ ಒಳಗೆ ನೀರುದೋಸೆಯ ಹಾಗೆ ಕಣ್ಣು ಕಣ್ಣು. ಕಲಿಸುತ್ತಿದ್ದ ಮಲಯಾಳಿ ಹಿರಿಯರು ಬೈಯಲಿಲ್ಲ. ನನ್ನ ಕೈಲಿದ್ದ ಬ್ರಷ್ ತೆಗೆದುಕೊಂಡು ಮೂಸಿ, "ಇದರಲ್ಲಿ ಉಕ್ಕು ಉಜ್ಜಿದ್ದೀಯಲ್ಲ?" ಎಂದರು. ಹೌದು, ಉಜ್ಜಿದ್ದೆ.

ಅಲ್ಯೂಮಿನಿಯಂ ಸುಮಾರು 660 ಡಿಗ್ರಿಗೆ ಕರಗುತ್ತದೆ. ಅದರ ಮೇಲಿನ ಆಕ್ಸೈಡ್ ಪೊರೆ ಕರಗಲು 2,000 ಡಿಗ್ರಿಗೂ ಹೆಚ್ಚು ಬೇಕು. ಆ ಪೊರೆ ತೇವವನ್ನೂ ಹಿಡಿದಿಟ್ಟುಕೊಳ್ಳುತ್ತದೆ. ತೇವದ ಹೈಡ್ರೋಜನ್ ಕರಗಿದ ಲೋಹಕ್ಕೆ ಇಳಿದು, ಲೋಹ ಗಟ್ಟಿಯಾಗುವಾಗ ಗುಳ್ಳೆಯಾಗಿ ಸಿಕ್ಕಿಬೀಳುತ್ತದೆ. ಹಾಗಾಗಿ ಮೊದಲು ಅಸಿಟೋನಿನಲ್ಲಿ ಎಣ್ಣೆ ಒರೆಸಬೇಕು, ಆಮೇಲೆ ಪೊರೆ ತೆಗೆಯಲು ಅಲ್ಯೂಮಿನಿಯಂಗೆಂದೇ ಇಟ್ಟ ಸ್ಟೇನ್‌ಲೆಸ್ ಬ್ರಷ್. ಉಕ್ಕು ಉಜ್ಜಿದ ಬ್ರಷ್ ಆದರೆ ಅದರ ಕೊಳೆ ಇದಕ್ಕೆ ಹತ್ತುತ್ತದೆ. ಮೊದಲೇ ಉಜ್ಜಿದರೆ ಎಣ್ಣೆಯನ್ನು ಒಳಗೇ ತಿಕ್ಕಿದ ಹಾಗೆ. ಉಜ್ಜಿದ ಮೇಲೆ ಚಹಾಕ್ಕೆ ಹೋಗಿ ಬರುವಂತಿಲ್ಲ, ಕೂಡಲೇ ಬೆಸೆಯಬೇಕು. ನಮ್ಮ ಕರಾವಳಿಯ ಮಳೆಗಾಲದಲ್ಲಿ ತಂಪು ಕೋಣೆಯಿಂದ ಹೊರತಂದ ಪ್ಲೇಟ್ ನಿಮಿಷದಲ್ಲಿ ಬೆವರುತ್ತದೆ. ಹಿಂದಿನ ರಾತ್ರಿಯೇ ತಂದು ಶೆಡ್ಡಿನ ಬಿಸಿಗೆ ಒಗ್ಗಿಸಬೇಕು.

ಎರಡನೆಯದು ಕೈಯ ಅಭ್ಯಾಸ, ನನಗೆ ಎಲ್ಲಕ್ಕಿಂತ ಕಷ್ಟವಾದದ್ದು ಅದೇ. ರಾಡ್ ಹಿಡಿದವರು ಬೆಸುಗೆಯನ್ನು ಎಳೆದುಕೊಂಡು ಹೋಗುತ್ತೇವೆ. ಮಿಗ್‌ನಲ್ಲಿ, ಅಂದರೆ ಗನ್ನಿನಿಂದ ತಂತಿಯೂ ಗಾಳಿ ತಾಗದಂತೆ ಕಾಯುವ ಅನಿಲವೂ ಬರುವ ಬೆಸುಗೆಯಲ್ಲಿ, ಅಲ್ಯೂಮಿನಿಯಂ ಬೆಸೆಯುವಾಗ ಗನ್ನನ್ನು ಮುಂದಕ್ಕೆ ತಳ್ಳಬೇಕು, ಆರ್ಗಾನ್ ಅನಿಲ ಮುಂದಿನ ಜಾಗವನ್ನು ಮೊದಲೇ ಮುಚ್ಚುತ್ತದೆ. ಎಳೆದರೆ ಇಕ್ಕೆಲಕ್ಕೂ ಕಪ್ಪು ಮಸಿ. ನನ್ನ ಕೈ ತಾನಾಗಿ ಹಿಂದಕ್ಕೇ ಹೋಗುತ್ತಿತ್ತು. ಎರಡು ವಾರ ಮಣಿಕಟ್ಟು ನೋವು.

ಉಕ್ಕು ಕಾದರೆ ಕೆಂಪಾಗಿ ಹೇಳುತ್ತದೆ, ಇದು ಬಣ್ಣವೇ ಬದಲಿಸದೆ ಒಮ್ಮೆಲೇ ಕುಸಿಯುತ್ತದೆ. ಶಾಖವನ್ನು ಬೇಗ ಹರಡುವುದರಿಂದ ಶುರುವಿನಲ್ಲಿ ಬೆಸುಗೆ ಕಚ್ಚುವುದಿಲ್ಲ, ಕೊನೆಗೆ ಬರುವಾಗ ಪ್ಲೇಟ್ ಕಾದು ತೂತು ಬೀಳುತ್ತದೆ. ಹೋಗ್ತಾ ಹೋಗ್ತಾ ವೇಗ ಹೆಚ್ಚಿಸಬೇಕು. ನಿಲ್ಲಿಸುವಾಗ ಗನ್ ಥಟ್ಟನೆ ಎತ್ತಿದರೆ ಕೊನೆಯ ಗುಳಿಯಲ್ಲಿ ನಕ್ಷತ್ರದ ಆಕಾರದ ಬಿರುಕು. ಸ್ವಲ್ಪ ಹಿಂದೆ ಬಂದು ಗುಳಿ ತುಂಬಿಸಿಯೇ ಬಿಡಬೇಕು. ಕಾದಾಗ ಹಿಗ್ಗುವುದು ಉಕ್ಕಿನ ಸುಮಾರು ಎರಡರಷ್ಟು, ಹಾಗಾಗಿ ಪ್ಲೇಟ್ ಸೊಟ್ಟಗಾಗದಂತೆ ಉದ್ದ ಬೆಸುಗೆಯನ್ನು ಒಂದೇ ಓಟದಲ್ಲಿ ಮುಗಿಸದೆ ತುಂಡು ತುಂಡಾಗಿ ಹಿಂದು ಹಿಂದಕ್ಕೆ ಹಾಕುತ್ತೇವೆ.

ಹನ್ನೊಂದನೆಯ ತುಂಡು ಮುರಿದಾಗ ಒಳಗೆ ಒಂದು ಕಣ್ಣೂ ಇರಲಿಲ್ಲ. ಹಿರಿಯರು ಅದನ್ನು ಬೆಳಕಿಗೆ ಹಿಡಿದು ನೋಡಿ ಜೇಬಿಗೆ ಹಾಕಿಕೊಂಡರು. ಮರುದಿನ ನನಗೊಂದು ಹೊಸ ಬ್ರಷ್ ಕೊಟ್ಟರು. ಹಿಡಿಗೆ ಹಳದಿ ಟೇಪ್ ಸುತ್ತಿ ಇಟ್ಟುಕೊಂಡಿದ್ದೇನೆ, ಬೇರೆಯವರು ಉಕ್ಕಿಗೆ ಬಳಸದ ಹಾಗೆ.