ತೋಟದ ಸಿಲ್ವರ್ ಮರ ಕೆಡಹುವುದು ಹೇಗೆ?

ಕಾಫಿ ತೋಟದಲ್ಲಿ ನೆರಳಿಗೂ ಮೆಣಸಿನ ಬಳ್ಳಿ ಹಬ್ಬಿಸಲೂ ಬೆಳೆಸುವ ಸಿಲ್ವರ್ ಮರ (ಸಿಲ್ವರ್ ಓಕ್) ನೆಟ್ಟಗೆ ಬೆಳೆಯುವುದರಿಂದ ಅದನ್ನು ಕೆಡಹುವುದು ಸುಲಭವೆಂಬ ನಂಬಿಕೆ ಮಲೆನಾಡಿನ ಕಾಫಿ ಬೆಳೆಗಾರರಲ್ಲಿ ಗಟ್ಟಿಯಾಗಿದೆ. ಒಂದು ಬದಿಯಿಂದ ಗರಗಸ ಇಟ್ಟು ಇನ್ನೊಂದು ಬದಿಯವರೆಗೂ ಕೊಯ್ದು, ಕೊನೆಗೆ ನಾಲ್ಕು ಜನ ಹಗ್ಗ ಎಳೆದರೆ ಮುಗಿಯಿತು ಎಂದುಕೊಂಡವರ ಮರಗಳು ಕಾಫಿ ಗಿಡಗಳ ಮೇಲೆ, ಕಣದ ಮೇಲೆ, ಒಮ್ಮೆಯಂತೂ ಆಗತಾನೇ ಸುಣ್ಣ ಬಳಿದಿದ್ದ ಲೈನ್ ಮನೆಯ (ತೋಟದ ಕೆಲಸಗಾರರ ಸಾಲುಮನೆ) ಸೂರಿನ ಮೇಲೆ ಬಿದ್ದುದನ್ನು ಕಂಡಿದ್ದೇನೆ. ಮರ ಯಾವ ಕಡೆಗೆ ಬೀಳಬೇಕೆಂಬುದನ್ನು ನಿರ್ಧರಿಸುವುದು ಗರಗಸ ಕೊಯ್ದ ಭಾಗಕ್ಕಿಂತ ಹೆಚ್ಚಾಗಿ ನಾವು ಕೊಯ್ಯದೆ ಉಳಿಸಿದ ಭಾಗ. ಎಡವುವವರೆಲ್ಲ ಎಡವುವುದು ಅಲ್ಲಿಯೇ.

ಅನುಮತಿಯ ವಿಷಯವನ್ನು ಮೊದಲು ಮುಗಿಸಿಕೊಳ್ಳಿ. ಗ್ರಾಮೀಣ ಪ್ರದೇಶದ ಖಾಸಗಿ ಜಮೀನಿನ ಸಿಲ್ವರ್ ಮರಕ್ಕೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ವಿನಾಯಿತಿ ಇದೆ. ಆದರೆ ಪಕ್ಕದಲ್ಲಿರುವ ಬೀಟೆ, ತೇಗಗಳಿಗೆ ಅದೇ ವಿನಾಯಿತಿ ಅನ್ವಯಿಸುತ್ತದೆಂದು ಭಾವಿಸಿ ಗರಗಸ ಎತ್ತಬಾರದು. ಕಾಫಿ ಮತ್ತು ಮೆಣಸಿನ ಕೊಯ್ಲು ಮುಗಿದ ಮೇಲೆ, ಗಾಳಿಯಿಲ್ಲದ ಬೆಳಗಿನ ಹೊತ್ತು ಈ ಕೆಲಸಕ್ಕೆ ಸೂಕ್ತ. ಮೆಣಸಿನ ಬಳ್ಳಿಯನ್ನು ಹಿಂದಿನ ದಿನವೇ ಬಿಡಿಸಿಟ್ಟುಕೊಳ್ಳಬೇಕು.

ಮರದ ವಾಲು ಯಾವ ಕಡೆಗಿದೆ ಎಂಬುದನ್ನು ಬುಡದಲ್ಲಿ ನಿಂತು ತಿಳಿಯಲಾಗದು. ಇಪ್ಪತ್ತು ಹೆಜ್ಜೆ ದೂರ ಹೋಗಿ, ದಾರದ ತುದಿಗೆ ಕಲ್ಲು ಕಟ್ಟಿ ಕಣ್ಣೆದುರು ಹಿಡಿದು, ಕಾಂಡವನ್ನು ಆ ದಾರದೊಡನೆ ಹೋಲಿಸಿ ನೋಡಬೇಕು. ಅನಂತರ ಅಲ್ಲಿಂದ ಕಾಲುಸುತ್ತು ತಿರುಗಿ, ಮತ್ತೊಂದು ದಿಕ್ಕಿನಿಂದಲೂ ಹಾಗೆಯೇ ನೋಡಬೇಕು. ವರ್ಷವರ್ಷವೂ ಮರಗಸಿ ಮಾಡಿದ, ಅಂದರೆ ನೆರಳು ತಗ್ಗಿಸಲು ಕೊಂಬೆ ಸವರಿದ ಮರದಲ್ಲಿ ಕೊಂಬೆಗಳ ಭಾರ ಒಂದೇ ಕಡೆಗೆ ಇರುವುದುಂಟು. ಕಾಂಡ ನೇರವಾಗಿದ್ದರೂ ಮರ ಆ ಭಾರದ ಕಡೆಗೇ ಎಳೆಯುತ್ತದೆ. ಬೀಳುವ ದಿಕ್ಕನ್ನು ಆದಷ್ಟೂ ಕಾಫಿ ಸಾಲುಗಳ ನಡುವಿನ ಖಾಲಿ ಪಟ್ಟಿಗೆ ಹೊಂದಿಸಿ, ಅದಕ್ಕೆ ವಿರುದ್ಧವಾಗಿ ಹಿಂದಕ್ಕೆ ಓರೆಯಾಗಿ ಎರಡು ಓಡುದಾರಿಗಳನ್ನು ಸವರಿಟ್ಟುಕೊಳ್ಳಬೇಕು. ಮರದ ಎತ್ತರದ ಎರಡರಷ್ಟು ದೂರದೊಳಗೆ ಕೊಯ್ಯುವ ತಂಡದವರನ್ನು ಬಿಟ್ಟು ಬೇರೆ ಯಾರೂ ಇರಕೂಡದು. ಹತ್ತಿರ ವಿದ್ಯುತ್ ತಂತಿ ಇದ್ದರೆ ಲೈನ್‌ಮನ್ ಬಂದು ವಿದ್ಯುತ್ ಕಡಿತಗೊಳಿಸುವವರೆಗೂ ಕಾಯಬೇಕು. ಅಲ್ಯೂಮಿನಿಯಂ ಏಣಿಯನ್ನಂತೂ ಅಲ್ಲಿಗೆ ತರಲೇಬಾರದು.

ಈಗ ಕೊಯ್ತದ ಮಾತು. 50 ಸೆಂಟಿಮೀಟರ್ ದಪ್ಪದ ಕಾಂಡವನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಬೀಳಬೇಕಾದ ಬದಿಯಲ್ಲಿ ಮೊದಲು ಕಚ್ಚು ಹಾಕಬೇಕು. ಮೇಲಿನಿಂದ ಓರೆಯಾಗಿ ಒಂದು ಕೊಯ್ತ, ಕೆಳಗಿನಿಂದ ಅಡ್ಡಲಾಗಿ ಇನ್ನೊಂದು. ಎರಡೂ 10ರಿಂದ 12 ಸೆಂಟಿಮೀಟರ್ ಆಳದಲ್ಲಿ ಒಂದೇ ಗೆರೆಯಲ್ಲಿ ಕೂಡಬೇಕು. ಒಂದು ಕೊಯ್ತ ಇನ್ನೊಂದನ್ನು ದಾಟಿ ಒಳಹೋದರೆ ಕಚ್ಚಿಗೂ ಹಿಂಬದಿಯ ಕೊಯ್ತಕ್ಕೂ ನಡುವೆ ಕೊಯ್ಯದೆ ಉಳಿಯಬೇಕಾದ ಮರದ ಪಟ್ಟಿಯ ಬುಡವೇ ತುಂಡಾಗಿರುತ್ತದೆ, ಆದರೆ ಹೊರಗಿನಿಂದ ನೋಡುವವರಿಗೆ ಅದು ಕಾಣುವುದಿಲ್ಲ. ಹೆಚ್ಚಿನವರು ಹಾಕುವ 45 ಡಿಗ್ರಿಯ ಕಚ್ಚು ನನಗೆ ಇಷ್ಟವಿಲ್ಲ. ಮರ ಅರ್ಧ ವಾಲುವಷ್ಟರಲ್ಲಿ ಅದರ ಬಾಯಿ ಮುಚ್ಚಿಕೊಂಡು ಪಟ್ಟಿ ಹರಿಯುತ್ತದೆ, ಅಲ್ಲಿಂದ ಮುಂದೆ ಮರ ಯಾರ ಮಾತನ್ನೂ ಕೇಳುವುದಿಲ್ಲ. 70 ಡಿಗ್ರಿಯಷ್ಟು ಅಗಲವಾಗಿ ಬಾಯಿ ತೆರೆದರೆ ನೆಲ ಮುಟ್ಟುವ ತನಕವೂ ಪಟ್ಟಿ ಹಿಡಿತ ಬಿಡುವುದಿಲ್ಲ.

ಆ ಮೇಲೆ ಹಿಂಬದಿಯ ಕೊಯ್ತ. ಕಚ್ಚಿನ ಮೂಲೆಯ ಮಟ್ಟಕ್ಕೆ ಅಥವಾ ಅದಕ್ಕಿಂತ ತುಸು ಮೇಲೆ ಗರಗಸವನ್ನು ಅಡ್ಡಲಾಗಿ ಇಟ್ಟು ಮುಂದುವರಿಸಿ, ಕಚ್ಚಿಗೆ ಇನ್ನು 5 ಸೆಂಟಿಮೀಟರ್ ಇರುವಾಗ, ಅಂದರೆ ಕಾಂಡದ ದಪ್ಪದ ಹತ್ತನೆಯ ಒಂದು ಭಾಗ ಉಳಿದಾಗ, ನಿಲ್ಲಿಸಬೇಕು. ಬಾಗಿಲಿಗೆ ಕೀಲು ಹೇಗೋ ಮರಕ್ಕೆ ಈ ಪಟ್ಟಿ ಹಾಗೆ. ಎಡಬಲಗಳಲ್ಲಿ ಅದರ ದಪ್ಪ ಸಮವಾಗಿರಬೇಕು; ಒಂದು ಕಡೆ ತೆಳುವಾದರೆ ಮರ ದಪ್ಪವಿರುವ ಕಡೆಗೆ ತಿರುಗುತ್ತದೆ. ಗರಗಸದ ಹಿಂದೆ ಜಾಗವಾದ ಕೂಡಲೇ ಬೆಣೆ ಕೂರಿಸಬೇಕು. ಗಟ್ಟಿ ಮರದ್ದೋ ಪ್ಲಾಸ್ಟಿಕ್ಕಿನದೋ ಆಗಬಹುದು, ಕಬ್ಬಿಣದ್ದು ಬೇಡ, ಯಂತ್ರದ ಗರಗಸದ ಚೈನ್ ತಗುಲಿದರೆ ಅದರ ಹಲ್ಲು ಹಾರುತ್ತವೆ. ಕೊಯ್ತ ನಿಲ್ಲಿಸಿದ ಮೇಲೂ ಮರ ಅಲುಗದಿದ್ದರೆ ಬೆಣೆಯನ್ನು ಬಡಿಯಬೇಕೇ ಹೊರತು ‘ಇನ್ನೊಂಚೂರು ಕೊಯ್ಯೋಣ’ ಎನ್ನಬಾರದು. ನಾನು ಕಂಡ ಅನಾಹುತಗಳಲ್ಲಿ ಬಹುಪಾಲು ಈ ಒಂಚೂರಿನಿಂದಲೇ ಆದವು.

ಬೀಳುವ ದಿಕ್ಕಿಗೇ ಬಹಳ ವಾಲಿದ ಮರ ಸುಲಭವೆಂದು ತೋರಿದರೂ ಅದು ಎಲ್ಲಕ್ಕಿಂತ ಅಪಾಯಕಾರಿ. ಹಿಂಬದಿಯ ಕೊಯ್ತ ಮುಗಿಯುವ ಮೊದಲೇ ಕಾಂಡ ಉದ್ದಕ್ಕೆ ಸೀಳಿ, ಸೀಳಿದ ಹಿಂಭಾಗ ಮೇಲಕ್ಕೆ ಚಿಮ್ಮಿ ಕೊಯ್ಯುವವನ ಎದೆಗೆ ಬಡಿಯುತ್ತದೆ. ನುರಿತವರು ಇಂಥ ಮರಕ್ಕೆ ಗರಗಸವನ್ನು ಪಕ್ಕದಿಂದ ಚುಚ್ಚಿ, ಮುಂದಿನ ಪಟ್ಟಿಯನ್ನು ಮೊದಲು ಸಿದ್ಧಪಡಿಸಿ, ಹಿಂಭಾಗದಲ್ಲಿ ಹಿಡಿದಿಡಲು ಬಿಟ್ಟ ಸ್ವಲ್ಪವನ್ನು ಕಡೆಯಲ್ಲಿ ಕೊಯ್ಯುತ್ತಾರೆ. ಚುಚ್ಚುವಾಗ ಗರಗಸದ ತುದಿಯ ಮೇಲ್ಭಾಗ ಮರಕ್ಕೆ ತಾಗಿದರೆ ಯಂತ್ರ ಮುಖದ ಕಡೆಗೆ ಎಗರುತ್ತದೆ. ಆದ್ದರಿಂದ ಅಭ್ಯಾಸವಿಲ್ಲದವರು ಇದನ್ನು ಪ್ರಯತ್ನಿಸಬಾರದು. ಯಂತ್ರ ಎಗರಿದಾಗ ಚೈನನ್ನು ತಟ್ಟನೆ ನಿಲ್ಲಿಸುವ ಚೈನ್ ಬ್ರೇಕ್ ಸರಿಯಾಗಿ ಹಿಡಿಯದ ಅಗ್ಗದ ಯಂತ್ರಗಳನ್ನು ಮನೆಬಾಗಿಲಿಗೆ ತರಿಸಿಕೊಂಡು, ಪಂಚೆ ಎತ್ತಿ ಕಟ್ಟಿ, ಹವಾಯಿ ಚಪ್ಪಲಿಯಲ್ಲಿ ಮರ ಕೊಯ್ಯಲು ಹೊರಡುವವರಿಗೆ ನಾನು ಹೇಳುವುದು ಒಂದೇ: ಆ ದುಡ್ಡನ್ನು ಕೆಲಸ ಬಲ್ಲವರಿಗೆ ಕೊಡಿ.

ಕೆಲಸ ಬಲ್ಲವರ ತಂಡಕ್ಕೆ ತನ್ನದೇ ಶಿಸ್ತಿದೆ. ಕೂಗಿ ಸೂಚನೆ ಕೊಡುವವನು ಒಬ್ಬನೇ. ಗರಗಸ ಹಿಡಿದವನು ಅವನ ಮಾತನ್ನು ಬಿಟ್ಟು ಮೇಸ್ತ್ರಿಯ ಮಾತನ್ನೂ ಕೇಳುವುದಿಲ್ಲ. ಹಗ್ಗ ಹಿಡಿದವರು ಮರದ ಎತ್ತರಕ್ಕಿಂತ ದೂರ ನಿಲ್ಲುತ್ತಾರೆ, ಅದನ್ನು ಕೈಗೋ ಸೊಂಟಕ್ಕೋ ಸುತ್ತಿಕೊಳ್ಳುವುದಿಲ್ಲ. ಮರ ಹತ್ತುವವನು ‘ಇವತ್ತು ಗಾಳಿ ಸರಿಯಿಲ್ಲ’ ಎಂದರೆ ತೋಟದ ಮಾಲೀಕರು ಚೌಕಾಶಿಗೆ ಇಳಿಯಬಾರದು. ಮರಕ್ಕೆ ಇಷ್ಟೆಂದು ಗುತ್ತಿಗೆ ಕೊಡುವ ಪದ್ಧತಿ ಅವಸರವನ್ನು ಬೆಳೆಸುತ್ತದೆ ಎಂಬ ಕಾರಣಕ್ಕೆ ನಾನು ದಿನಗೂಲಿಯನ್ನೇ ಒಪ್ಪುತ್ತೇನೆ, ಖರ್ಚು ಸ್ವಲ್ಪ ಹೆಚ್ಚಾದರೂ ಸರಿ.

ಮರ ಬಿದ್ದು ಪಕ್ಕದ ಮರಕ್ಕೆ ಸಿಕ್ಕಿಕೊಂಡರೆ ಅದರ ಅಡಿಗೆ ಹೋಗಬಾರದು, ಆಧಾರ ಕೊಟ್ಟ ಮರವನ್ನು ಕೊಯ್ಯಲೂಬಾರದು. ದೂರದಿಂದ ಬುಡಕ್ಕೆ ಹಗ್ಗ ಹಾಕಿ ಹಿಂದಕ್ಕೆ ಎಳೆಯುವುದೇ ಕ್ರಮ. ಕೊಂಬೆ ಸವರಿ, ದಿಮ್ಮಿ ಮಾಡಿ ಸಾಗಿಸುವುದು ಎಲ್ಲರಿಗೂ ಗೊತ್ತಿರುವ ಕೆಲಸ.

ಬೊಡ್ಡೆಯನ್ನು ಕೀಳಿಸುವ ಮುನ್ನ ಒಮ್ಮೆ ಬಗ್ಗಿ ನೋಡಿ. ನಾರು ಕಿತ್ತು ನಿಂತ ಪಟ್ಟಿ ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೂ ಒಂದೇ ದಪ್ಪಕ್ಕಿದ್ದರೆ ಕೊಯ್ತ ಸರಿಯಾಗಿದೆ. ಒಂದು ಕಡೆ ಏನೂ ಉಳಿಯದೆ ನುಣ್ಣಗಿದ್ದರೆ ಮರ ನೇರ ಬಿದ್ದದ್ದು ಅದೃಷ್ಟದಿಂದ. ಮುಂದಿನ ಮರಕ್ಕೆ ಕೈ ಹಾಕುವ ಮೊದಲು ಕೊಯ್ದವನನ್ನು ಕರೆದು ಅದನ್ನು ತೋರಿಸಿ.