ಚೀಲ ಕೊಳ್ಳುವ ಮುಂಚೆ ಜಗಲಿ ಮೇಲೆ ಸುರಿದು ನೋಡಿ

ನಮ್ಮ ಮನೆ ಗಂಡಸರ ಚೀಲಗಳನ್ನು ತೊಳೆದು, ಒಣಗಿಸಿ, ಹರಿದಲ್ಲಿ ಹೊಲಿದು ನನಗೆ ನಲವತ್ತು ವರ್ಷವಾಯಿತು. ಮೊದಲು ಮಾವನವರದ್ದು, ಆಮೇಲೆ ನಮ್ಮನೆಯವರದ್ದು, ಮಗನದ್ದು, ಈಗ ಮೊಮ್ಮಗನದ್ದು. ಹೊರುವವರು ಅವರೇ ಆದರೂ ಚೀಲದ ಹುಳುಕೆಲ್ಲ ಕಾಣುವುದು ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನಿಂತವರಿಗೆ.

ಮೊಮ್ಮಗ ತೀರ್ಥಹಳ್ಳಿ ಕಡೆಯಿಂದ ಶಿವಮೊಗ್ಗಕ್ಕೆ ದಿನಾ ಬಸ್ಸಲ್ಲಿ ಕೆಲಸಕ್ಕೆ ಹೋಗುತ್ತಾನೆ. ಮಂಡಗದ್ದೆ, ಸಕ್ರೆಬೈಲು, ಗಾಜನೂರು ದಾಟಿ 60 ಕಿಲೋಮೀಟರ್ ದಾರಿ. ಎಷ್ಟೋ ದಿನ ನಿಂತೇ ಹೋಗಬೇಕು. ಮೊನ್ನೆ ಹೆಗಲು ನೋವೆಂದು ಎಣ್ಣೆ ಹಚ್ಚಿಸಿಕೊಳ್ಳಲು ಬಂದು ಕೂತ. "ಹೊಸ ಬ್ಯಾಗ್ ತಗೋಬೇಕು ಅಜ್ಜಿ, ಇದು ಸರಿ ಇಲ್ಲ" ಎಂದು ಮೊಬೈಲಿನಲ್ಲಿ ಹತ್ತಾರು ಚಿತ್ರ ತೋರಿಸಿದ. "ಅದನ್ನ ಆಮೇಲೆ ನೋಡೋಣ ಮಾರಾಯ, ಮೊದಲು ಇದನ್ನು ಜಗಲಿ ಮೇಲೆ ಸುರಿ" ಎಂದೆ.

ಸುರಿದ. ಊಟದ ಡಬ್ಬಿ, ನೀರಿನ ಬಾಟ್ಲಿ, ಮಡಚುವ ಕೊಡೆ, ರೇನ್‌ಕೋಟು. ಅಲ್ಲಿ ತನಕ ಸರಿ. ಆಮೇಲೆ ಬಿತ್ತು ನೋಡಿ: ಎರಡು ಚಾರ್ಜರ್, ಪವರ್ ಬ್ಯಾಂಕ್, ತೋಟದ ಪಹಣಿಯ ಮೂರು ಹಳೇ ಪ್ರತಿ, ಸೊಸೈಟಿ ಪಾಸ್‌ಬುಕ್ಕು, ಬರೆಯದ ಪೆನ್ನು, ಒಂದು ಹಿಡಿ ಬಸ್ ಟಿಕೆಟ್ಟು, ಯಾವ ಬೀಗದ್ದೆಂದು ಅವನಿಗೇ ಗೊತ್ತಿಲ್ಲದ ಕೀಲಿಗೊಂಚಲು, ಬಿಸ್ಕತ್ತಿನ ಪುಡಿ. ಎಲ್ಲ ವಾಪಸ್ ತುಂಬಿಸಿ, ಅಡಿಕೆ ತೂಗುವ ಕೊಕ್ಕೆ ತಕ್ಕಡಿಗೆ ಸಿಕ್ಕಿಸಿದೆ. 5 ಕೆಜಿ 400 ಗ್ರಾಂ! ಬರೀ ಚೀಲವೇ 1 ಕೆಜಿ 200. ಹೆಗಲು ನೋಯದೆ ಇನ್ನೇನಾಗುತ್ತೆ?

ಶಾಲೆ ಮಕ್ಕಳ ಚೀಲ ಅವರ ಮೈತೂಕದ ಹತ್ತರಲ್ಲಿ ಒಂದು ಪಾಲು ಮೀರಬಾರದು ಎಂದು ಕೇಂದ್ರ ಸರ್ಕಾರ 2020ರಲ್ಲಿ ನೀತಿ ಮಾಡಿದೆ. ಅದು ಎರಡೂ ಹೆಗಲಿಗೆ ಹಾಕುವ ಚೀಲದ ಮಾತು. ಮೊಮ್ಮಗನದ್ದರ ಹಾಗೆ ಒಂದೇ ಹೆಗಲಿಗೆ ಹಾಕುವ ಚೀಲಕ್ಕೆ ಅದರ ಅರ್ಧ ಸಾಕು ಅನ್ನುವುದು ನನ್ನ ಲೆಕ್ಕ. 60 ಕೆಜಿ ಇರುವ ಹುಡುಗನಿಗೆ 3 ಕೆಜಿ. ಹಾಗಾಗಿ ಖಾಲಿ ಚೀಲದ ತೂಕ 700 ಗ್ರಾಂ ಒಳಗಿದ್ದರೆ ಮಾತ್ರ ಮುಂದಿನ ಮಾತು. ನೀರಂತೂ ಲೀಟರಿಗೆ ಒಂದು ಕೆಜಿ ತೂಗುತ್ತೆ. ಅರ್ಧ ಲೀಟರಿನ ಬಾಟ್ಲಿ ಇಟ್ಟುಕೊಂಡು ಆಫೀಸಿನಲ್ಲಿ ತುಂಬಿಸಿಕೊಂಡರೆ ಯಾರೂ ಬೇಡ ಅನ್ನುವುದಿಲ್ಲ.

ಅಳತೆಗೆ ಮನೆಯಿಂದ ಎರಡು ವಸ್ತು ಅಂಗಡಿಗೆ ತಗೊಂಡು ಹೋಗಿ: ನಿಮ್ಮ ಊಟದ ಡಬ್ಬಿ, ಒಂದು ಕಾಗದದ ಫೈಲು. ಅಂಗಡಿಯವರು ನಕ್ಕರೆ ನಗಲಿ. ಎ4 ಕಾಗದ 29.7 ಸೆಂ.ಮೀ. ಉದ್ದ. ಹಳೇ ಛಾಪಾ ಕಾಗದ, ಕ್ರಯಪತ್ರದಂಥವು ಅದಕ್ಕಿಂತ ಉದ್ದ, 35 ಸೆಂ.ಮೀ. ದಾಟುತ್ತವೆ. ತಾಲೂಕು ಆಫೀಸು, ಬ್ಯಾಂಕು ಎಂದು ಓಡಾಡುವವರಾದರೆ ಚೀಲ 38 ಸೆಂ.ಮೀ. ಅಗಲ ಇರಲಿ. ಇಲ್ಲದಿದ್ದರೆ ಕಾಗದದ ಮೂಲೆ ಮಡಚಿಕೊಳ್ಳುತ್ತೆ, ಆಮೇಲೆ ಇಸ್ತ್ರಿ ಹಾಕಿ ಕೊಡಿ ಎಂದು ನಮ್ಮ ಹತ್ತಿರ ಬರುತ್ತಾರೆ. ಡಬ್ಬಿಗೆ ಬೇಕಾದ್ದು ತಳದ ಅಗಲ. ಚೀಲದ ತಳ 10 ಸೆಂ.ಮೀ. ಆದರೂ ಚಪ್ಪಟೆಯಾಗಿ ಹೊಲಿದಿರಬೇಕು. ಎರಡು ಬಟ್ಟೆ ಸೇರಿಸಿ ಸುಮ್ನೆ ಹೊಲಿದ ಚೀಲದಲ್ಲಿ ಡಬ್ಬಿ ಅಡ್ಡ ಬೀಳುತ್ತೆ, ಸಾರು ಪಹಣಿ ಓದುತ್ತೆ. ಲ್ಯಾಪ್‌ಟಾಪ್ ಒಯ್ಯುವವರು ಅದರ ಖಾನೆಯೊಳಗೆ ಕೈ ಹಾಕಿ ನೋಡಿ. ಖಾನೆಯ ತಳ ಚೀಲದ ತಳಕ್ಕಿಂತ ಎರಡು ಬೆರಳು ಮೇಲಿರಬೇಕು. ಇಲ್ಲದಿದ್ದರೆ ಚೀಲ ಇಟ್ಟಾಗಲೆಲ್ಲ ನೆಲದ ಪೆಟ್ಟು ನೇರ ಅದಕ್ಕೇ.

ಖಾನೆಗಳ ವಿಚಾರಕ್ಕೆ ನನಗೆ ನೆನಪಾಗುವುದು ಮಾವನವರ ಎಲೆ ಅಡಿಕೆ ಸಂಚಿ. ಅಂಗೈಗಿಂತ ಸ್ವಲ್ಪ ದೊಡ್ಡದು, ಕೆಂಪು ಬಟ್ಟೆಯದ್ದು, ಒಂದರ ಹಿಂದೆ ಒಂದು ನಾಲ್ಕು ಮಡಿಕೆ. ಎಲೆಗೆ ಒಂದು, ಅಡಿಕೆಗೆ ಒಂದು, ಹೊಗೆಸೊಪ್ಪಿಗೆ ಒಂದು, ಸುಣ್ಣದ ಡಬ್ಬಿಗೆ ಒಂದು. ಕರೆಂಟು ಹೋದ ರಾತ್ರಿ ಜಗಲಿಯಲ್ಲಿ ಕೂತು, ಮಾತು ನಿಲ್ಲಿಸದೆ, ಕಣ್ಣು ಹಾಯಿಸದೆ ಕವಳ ಕಟ್ಟುತ್ತಿದ್ದರು. ಒಂದು ದಿನವೂ ಬೆರಳು ತಪ್ಪು ಮಡಿಕೆಗೆ ಹೋದದ್ದು ನಾನು ನೋಡಿಲ್ಲ. ಈಗಿನ ಬ್ಯಾಗುಗಳಲ್ಲಿ ಹದಿನಾಲ್ಕು ಖಾನೆ ಎಂದು ದೊಡ್ಡದಾಗಿ ಬರೆದಿರುತ್ತಾರೆ. ಕಂಡಕ್ಟರ್ ಚಿಲ್ಲರೆ ಕೇಳಿದಾಗ ಹದಿನಾಲ್ಕನ್ನೂ ತಡಕಬೇಕು. ಒಳಗೆ ದೊಡ್ಡದೊಂದು, ಕಾಗದಕ್ಕೆ ಬೆನ್ನಿನ ಕಡೆ ಒಂದು, ಹೊರಗೆ ಬಾಟ್ಲಿಗೂ ಒದ್ದೆ ಕೊಡೆಗೂ ಒಂದು, ದುಡ್ಡು ಮತ್ತು ಕೀಲಿಗೆ ಮೈಗೆ ತಾಗುವ ಬದಿಯಲ್ಲಿ ಜಿಪ್ಪಿರುವ ಸಣ್ಣದೊಂದು. ನಾಲ್ಕು ಸಾಕು. ದಪ್ಪ ಪರ್ಸನ್ನು ಪ್ಯಾಂಟಿನ ಹಿಂದಿನ ಜೇಬಿನಿಂದ ಈ ಸಣ್ಣ ಖಾನೆಗೆ ವರ್ಗ ಮಾಡಿ. ಅದರ ಮೇಲೆ ಎರಡು ಗಂಟೆ ಕೂತು ಸೊಂಟ ನೋವು ತಂದುಕೊಂಡವರು ನಮ್ಮ ಮನೆಯಲ್ಲೇ ಇದ್ದಾರೆ. ಹೆಸರು ಹೇಳಿದರೆ ಸಿಟ್ಟು ಮಾಡುತ್ತಾರೆ.

ಒಳಗಿನ ಲೈನಿಂಗ್ ತಿಳಿ ಬಣ್ಣದ್ದಿರಲಿ. ಕಪ್ಪು ಚೀಲಕ್ಕೆ ಕಪ್ಪು ಲೈನಿಂಗ್ ಹಾಕಿದರೆ ಬಾವಿಯಲ್ಲಿ ಕೀಲಿ ಹುಡುಕಿದ ಹಾಗೆ. ಹೊರಗೆ ಮಾತ್ರ ಕಂದು, ಕಪ್ಪು, ಕಡು ಹಸಿರು. ಅಡಿಕೆ ಚೊಗರು ತಾಗಿದ್ದು ಹೋಗುವುದಿಲ್ಲ, ಕೆಮ್ಮಣ್ಣೂ ಸುಲಭಕ್ಕೆ ಬಿಡುವುದಿಲ್ಲ. ಮಗ ಒಮ್ಮೆ ಕೆನೆ ಬಣ್ಣದ್ದು ತಂದಿದ್ದ. ಕೊನೆಕೊಯ್ಲಿನ ಒಂದು ವಾರ ಸಾಕಾಯಿತು.

ಇನ್ನು ಹೆಗಲ ಪಟ್ಟಿ. ಚೀಲದ ಆಯಸ್ಸು ಇರುವುದೇ ಇಲ್ಲಿ. ಅಗಲ ಒಂದೂವರೆ ಇಂಚಿಗೆ ಕಮ್ಮಿ ಬೇಡ, ಎರಡು ಇಂಚಾದರೆ ಒಳ್ಳೆಯದು. ಸಪೂರ ಪಟ್ಟಿ ಹೆಗಲನ್ನು ಕುಯ್ಯುತ್ತೆ. ಪಟ್ಟಿ ಚೀಲಕ್ಕೆ ಸೇರುವ ಜಾಗ ನೋಡಿ: ಚೌಕ ಹೊಲಿಗೆ ಹಾಕಿ, ಅದರೊಳಗೆ ಮೂಲೆಯಿಂದ ಮೂಲೆಗೆ ಕತ್ತರಿ ಗುರುತಿನ ಹಾಗೆ ಎರಡು ಗೆರೆ ಎಳೆದಿರಬೇಕು. ಒಂದೇ ಗೆರೆ ಹೊಲಿಗೆ ಇದ್ದರೆ ಕೆಳಗಿಡಿ. ಕೊಕ್ಕೆಯಿಂದ ಸಿಕ್ಕಿಸುವ ಪಟ್ಟಿ ನೋಡಲು ಚೆಂದ, ನನಗೆ ನಂಬಿಕೆ ಇಲ್ಲ. ನಮ್ಮನೆಯವರ ಹೊಸ ಚೀಲದ ಕೊಕ್ಕೆ ಬಸ್ ಹತ್ತುವಾಗಲೇ ಮುರಿದು, ಡಬ್ಬಿಯ ಮುಚ್ಚಳ ಹಾರಿ, ಹುರುಳಿ ಸಾರು ಮೆಟ್ಟಿಲಿನ ಮೇಲೆ ಹರಿದಿತ್ತು. ಮೇಲಿನ ಬಣ್ಣ ಸುಲಿದು ನೋಡಿದರೆ ಒಳಗೆ ಬೂದಿಯಂಥ ಲೋಹ. ಅವತ್ತಿನಿಂದ ಪಟ್ಟಿಯನ್ನು ಚೀಲಕ್ಕೇ ಸೇರಿಸಿ ಹೊಲಿದದ್ದನ್ನೇ ತರಿಸುತ್ತೇನೆ. ಬಿಟ್ಟುಹೋದ ಪಟ್ಟಿಯನ್ನು ಶರ್ಟ್ ಹೊಲಿಯುವ ಟೈಲರ್ ಹತ್ತಿರ ಒಯ್ಯಬೇಡಿ, ಅವರ ಸೂಜಿ ಮುರಿಯುತ್ತೆ. ಬೈಕಿನ ಸೀಟ್ ಕವರ್ ಹೊಲಿಯುವವರ ಮಿಷನ್ನಿಗೆ ದಪ್ಪ ದಾರ ಏರುತ್ತೆ, ಹತ್ತು ನಿಮಿಷದ ಕೆಲಸ.

ಪಟ್ಟಿಯ ಉದ್ದ ಎಷ್ಟೆಂದರೆ, ಅಡ್ಡ ಹಾಕಿದಾಗ ಚೀಲ ಸೊಂಟದ ಮೂಳೆಗೆ ಒರಗಿ ನಿಲ್ಲಬೇಕು. ತೊಡೆಗೆ ಬಡಿಯುತ್ತಿದ್ದರೆ ಮೇಲೆ ಎಳೆಯಿರಿ. ಬಸ್ಸಿನಲ್ಲಿ ನಿಂತಾಗ ಹೊಟ್ಟೆ ಮುಂದಕ್ಕೆ ತಿರುಗಿಸಿಕೊಳ್ಳಿ. ಬೈಕಿನಲ್ಲಿ ಹೋಗುವವರು ಪಟ್ಟಿಯ ಉಳಿದ ತುದಿಯನ್ನು ಸುತ್ತಿ ರಬ್ಬರ್ ಹಾಕಿ. ಅದು ಚೈನಿಗೋ ಹಿಂದಿನ ಚಕ್ರಕ್ಕೋ ಸಿಕ್ಕಿದರೆ ಮುಗಿಯಿತು.

ಬಟ್ಟೆ ಯಾವುದು ಎನ್ನುವುದಕ್ಕೆ ಮಳೆಯೇ ಉತ್ತರ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ಮೇಲೆ ಸುರಿಯುತ್ತೆ. ಶಿವಮೊಗ್ಗ ಪೇಟೆಯಲ್ಲಿ ಅದರ ಕಾಲು ಭಾಗವೂ ಇಲ್ಲ. ಪೇಟೆಯಲ್ಲೇ ಇರುವವರು ಖಾದಿ ಜೋಳಿಗೆ, ಕೈಮಗ್ಗದ ಚೀಲ ಧಾರಾಳವಾಗಿ ಹಾಕಬಹುದು. ಹಗುರ, ಒಗೆಯಲು ಸುಲಭ, ಹಳೆಯದಾದಷ್ಟೂ ಮೆತ್ತಗಾಗುತ್ತೆ. ಘಟ್ಟದ ಕಡೆಯವರಿಗೆ ಅದು ಯುಗಾದಿ ತನಕ ಮಾತ್ರ, ಅಲ್ವಾ? ಆರಿದ್ರೆ ಮಳೆಗೆ ಒದ್ದೆಯಾದ ದಪ್ಪ ಹತ್ತಿ ಚೀಲ ಮೂರು ದಿನವಾದರೂ ಆರುವುದಿಲ್ಲ. ಹೊಸ ಕ್ಯಾನ್ವಾಸ್ ತಂದರೆ ಮಳೆಗಾಲಕ್ಕೆ ಮೊದಲೇ ತಣ್ಣೀರಲ್ಲಿ ನೆನೆಸಿ ಎರಡು ಸಲ ಒಗೆಯಿರಿ. ಅದಕ್ಕೆ ಹಾಕಿದ ಗಂಜಿ ಹೋಗಬೇಕು. ಬೂಷ್ಟಿಗೆ ಗಂಜಿಯೆಂದರೆ ಹಬ್ಬದೂಟ.

ಚರ್ಮದ ಚೀಲ ಆಸೆಯಿದ್ದವರು ತಗೊಳ್ಳಿ, ಆದರೆ ಆಷಾಢದಲ್ಲಿ ಅದನ್ನು ವಾರಕ್ಕೊಮ್ಮೆ ಒರೆಸುವ ತಾಳ್ಮೆಯೂ ಇರಲಿ. ಚರ್ಮದ ಹಾಗೆ ಕಾಣುವ ಪಿಯು ಎನ್ನುವುದನ್ನು ಮಾತ್ರ ನಮ್ಮ ಕಡೆಯವರು ಮುಟ್ಟಲೇಬೇಡಿ. ಗಾಳಿಯ ತೇವಕ್ಕೇ ಅದರ ಮೇಲ್ಪದರ ಅಂಟಂಟಾಗಿ, ಹಾವಿನ ಪೊರೆಯ ಹಾಗೆ ಸುಲಿಯುತ್ತೆ. ಉಪಯೋಗಿಸದೆ ಕಪಾಟಿನಲ್ಲಿ ಇಟ್ಟರೂ ಸುಲಿಯುತ್ತೆ. ಬಿಳಿ ಅಂಗಿಗೆ ಕಪ್ಪು ಚಕ್ಕೆ ಅಂಟಿಸಿಕೊಂಡು ಮದುವೆ ಮನೆಗೆ ಹೋದ ಮೇಲೆ ಗೊತ್ತಾದರೆ ಏನು ಮಾಡುತ್ತೀರಿ?

ದಿನದ ಓಡಾಟಕ್ಕೆ ನೈಲಾನ್ ಅಥವಾ ಪಾಲಿಯೆಸ್ಟರ್ ಒಳ್ಳೆಯದು. ಚೀಟಿಯಲ್ಲಿ 600ಡಿ, 1000ಡಿ ಎಂದಿರುತ್ತೆ. ಡಿ ಎಂದರೆ ಡೆನಿಯರ್, 9000 ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತೆ ಎನ್ನುವ ಲೆಕ್ಕ. ನೂಲು ದಪ್ಪವಾದಷ್ಟು ಅಂಕೆ ದೊಡ್ಡದು. ಡಬ್ಬಿ, ಕೊಡೆ ಹೊರಲು 600 ಸಾಕು. 1000 ಎಂದರೆ ಸುಮ್ನೆ ತೂಕ ಜಾಸ್ತಿ.

ವಾಟರ್‌ಪ್ರೂಫ್ ಎಂಬ ಮಾತನ್ನು ನಂಬಿ ಕೂರಬೇಡಿ. ಬಟ್ಟೆ ನೀರು ತಡೆದರೂ ಸೂಜಿ ತೂತು ಮತ್ತು ಜಿಪ್ಪಿನ ಸಂದಿಯಲ್ಲಿ ನೀರು ಇಳಿಯುತ್ತೆ. ಹಾಗಾಗಿ ಜಿಪ್ಪಿನ ಮೇಲೆ ಮಡಚಿ ಬೀಳುವ ಮುಚ್ಚಳ ಇರುವ ಚೀಲವೇ ನಮಗೆ ಸರಿ. ತಂದ ದಿನ ಒಳಗೆ ಒಣ ಪೇಪರ್ ತುಂಬಿಸಿ, ಮೇಲಿನಿಂದ ಎರಡು ಚೊಂಬು ನೀರು ಹೊಯ್ದು ಹತ್ತು ನಿಮಿಷ ಬಿಟ್ಟು ತೆಗೆದು ನೋಡಿ. ಪೇಪರಿನ ಯಾವ ಮೂಲೆ ಒದ್ದೆಯೋ ಆ ಮೂಲೆಯಲ್ಲಿ ಮೊಬೈಲ್ ಇಡಬಾರದು. ಕಾಗದಪತ್ರಕ್ಕೆ ನಾನು ಮಾಡುವುದು ಇಷ್ಟೇ: ದಪ್ಪ ಪ್ಲಾಸ್ಟಿಕ್ ಕವರಿನೊಳಗೆ ಹಾಕಿ, ಬಾಯಿ ಎರಡು ಸುತ್ತು ಮಡಚಿ ಕ್ಲಿಪ್ ಹಾಕಿ ಕೊಡುತ್ತೇನೆ. ಚೀಲ ಹೊಳೆಗೆ ಬಿದ್ದರೂ ಪಹಣಿ ಒಣಗಿಯೇ ಇರುತ್ತೆ.

ಜಿಪ್ಪು ಪ್ಲಾಸ್ಟಿಕ್ ಹಲ್ಲಿನದ್ದಿರಲಿ. ಅಗ್ಗದ ಕಬ್ಬಿಣದ್ದು ಎರಡೇ ಮಳೆಗೆ ತುಕ್ಕು ಹಿಡಿಯುತ್ತೆ. ಎಳೆಯುವ ತಲೆಯ ಹಿಂದೆ ಸಾಮಾನ್ಯವಾಗಿ 5 ಅಥವಾ 8 ಎಂಬ ಅಂಕೆ ಇರುತ್ತೆ. ಮುಚ್ಚಿದ ಹಲ್ಲುಗಳ ಅಗಲ ಸುಮಾರು ಅಷ್ಟು ಮಿಲಿಮೀಟರ್ ಎಂದು ಅರ್ಥ. ದೊಡ್ಡ ಬಾಯಿಗೆ 8 ಒಳ್ಳೆಯದು. ಬಿಗಿಯಾದರೆ ಮೇಣದಬತ್ತಿ ಉಜ್ಜಿ. ಎಣ್ಣೆ ಬೇಡ, ಧೂಳು ಕೂರುತ್ತೆ.

ಒದ್ದೆ ಚೀಲವನ್ನು ಬಚ್ಚಲ ಒಲೆಯ ಮೇಲೆ ನೇತುಹಾಕುವ ತಪ್ಪು ನಾನೇ ಮಾಡಿದ್ದೆ. ರೆಕ್ಸಿನ್ ಹಪ್ಪಳದ ಹಾಗೆ ಬಿರುಕು ಬಿಟ್ಟಿತು. ಹೊಗೆ ವಾಸನೆಗೆ ನಮ್ಮನೆಯವರ ಪಕ್ಕದಲ್ಲಿ ಬಸ್ಸಲ್ಲಿ ಯಾರೂ ಕೂರುತ್ತಿರಲಿಲ್ಲವಂತೆ. ಈಗ ಬಂದ ಕೂಡಲೇ ಚೀಲ ಖಾಲಿ ಮಾಡಿಸಿ, ಪೇಪರ್ ಉಂಡೆ ತುಂಬಿಸಿ, ಬಾಯಿ ತೆರೆದು ಗಾಳಿಯಾಡುವ ಕಡೆ ತೂಗುಹಾಕುತ್ತೇನೆ. ಬೆಳಿಗ್ಗೆ ಪೇಪರ್ ತೇವ ಹೀರಿಕೊಂಡಿರುತ್ತೆ. ಗೋಡೆಗೆ ತಾಗಿಸಿ ಹಾಕಬೇಡಿ, ಮಳೆಗಾಲದ ಮಣ್ಣಿನ ಗೋಡೆ ಚೀಲಕ್ಕಿಂತ ಒದ್ದೆ ಇರುತ್ತೆ. ನೆಲದ ಮೇಲಂತೂ ಬೇಡವೇ ಬೇಡ. ಅಂಗಳದಲ್ಲಿಟ್ಟ ಚೀಲದ ತಳಕ್ಕೆ ಹತ್ತಿದ ಉಂಬಳ (ಜಿಗಣೆ) ಒಂದು ಸಲ ಶಿವಮೊಗ್ಗದ ಆಫೀಸಿನ ತನಕ ಹೋಗಿತ್ತು.

ಮೊಮ್ಮಗ ಕೊನೆಗೆ ಶಿವಮೊಗ್ಗದ ಗಾಂಧಿ ಬಜಾರಿಗೆ ಡಬ್ಬಿ, ಫೈಲು ಎರಡನ್ನೂ ಒಯ್ದ. ಕಡು ಹಸಿರು ಪಾಲಿಯೆಸ್ಟರ್ ಚೀಲ, ಖಾಲಿ ತೂಕ 600 ಗ್ರಾಂ. ನಿನ್ನೆ ಎಲ್ಲ ತುಂಬಿಸಿ ತಕ್ಕಡಿಗೆ ಹಾಕಿದೆವು, 2 ಕೆಜಿ 900 ಬಂತು. ಬರೆಯದ ಪೆನ್ನು ಮಾತ್ರ ಇನ್ನೂ ಅದರಲ್ಲೇ ಇದೆ.